ನಾಲ್ಕು ಗಂಟೆಯೊಳಗೆ ಸಿಗಬೇಕಾದ ವಾಲ್ವು

ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ಪಂಡಿತ ಎಂಬ ಬಿರುದು ನನಗೆ ಬಂದದ್ದು ಒಂದು ಗುಂಡುಪಿನ್ನಿನಿಂದ. ಪ್ರಿಂಟರ್ ಮೂರು ದಿನ ಮುಷ್ಕರ ಹೂಡಿ ಕೂತಿದ್ದಾಗ ನಾನು ಅದರ ಹೊಟ್ಟೆಯೊಳಗೆ ಕೈಹಾಕಿ ಒಂದು ಗುಂಡುಪಿನ್ನು ಹೊರತೆಗೆದೆ. ಪ್ರಿಂಟರ್ ಓಡಿತು, ಜನ ಚಪ್ಪಾಳೆ ತಟ್ಟಿದರು. ಪಿನ್ನು ಅಲ್ಲಿಗೆ ಬಿದ್ದದ್ದು ನನ್ನ ಜೇಬಿನಿಂದಲೇ ಎಂಬುದನ್ನು ಆ ಸಂಭ್ರಮದಲ್ಲಿ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ನಮ್ಮದು ಊರಿಗೆ ನೀರು ಸರಬರಾಜು ಮಾಡುವ ಕಚೇರಿ. ನಾನು ಅಲ್ಲಿ ದಾಖಲೆ ಗುಮಾಸ್ತ. ಹನ್ನೊಂದು ಕಂಪ್ಯೂಟರುಗಳಿವೆ, ಎಲ್ಲವನ್ನೂ ತಂತಿಯಿಂದ ಒಂದಕ್ಕೊಂದು ಜೋಡಿಸಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿರುವ ಸರ್ವರ್ ಎಂಬ ದೊಡ್ಡ ಯಂತ್ರಕ್ಕೆ ತಂದು ಕಟ್ಟಿದ್ದಾರೆ. ಪ್ರತಿ ಕಂಪ್ಯೂಟರಿನಲ್ಲೂ ಬ್ಯಾಕಪ್ ಪ್ಲಗ್‌ಇನ್ ಎಂಬ ಒಂದು ಸಣ್ಣ ತಂತ್ರಾಂಶ ಕೂತಿರುತ್ತದೆ. ಅದರ ಕೆಲಸ ಇಷ್ಟೇ: ದಿನಕ್ಕೊಮ್ಮೆ ಎದ್ದು, ಆ ಯಂತ್ರದ ಕಡತಗಳನ್ನೆಲ್ಲ ನಕಲು ಮಾಡಿ ಸರ್ವರಿಗೆ ಒಪ್ಪಿಸಿ, ಮತ್ತೆ ಮಲಗುವುದು. ಕಚೇರಿಯಲ್ಲಿ ನಿಯತ್ತಾಗಿ ಕೆಲಸ ಮಾಡುತ್ತಿದ್ದದ್ದು ಅದೊಂದೇ ಎಂದು ಕೆಲವರು ಆಡಿಕೊಳ್ಳುವುದುಂಟು.

ಆ ದಿನ ಬೆಳಿಗ್ಗೆ ಇಂಜಿನಿಯರ್ ಸಾಹೇಬರು ನನ್ನನ್ನು ಒಳಗೆ ಕರೆದರು. ಕೈಯಲ್ಲಿ ಕೇಂದ್ರ ಕಚೇರಿಯ ಪತ್ರವಿತ್ತು.

"ಹಳೇ ಪ್ಲಗ್‌ಇನ್ ತೆಗೀಬೇಕಂತೆ, ಹೊಸದು ಹಾಕ್ಬೇಕಂತೆ. ನಾಳೆ ಹತ್ತು ಗಂಟೆಗೆ ತಪಾಸಣೆಯವರು ಬರ್ತಾರೆ. ನಮ್ಮೆದುರೇ ಒಂದು ಕಡತ ಅಳಿಸ್ತಾರಂತೆ. ಅದನ್ನ ನಾವು ವಾಪಸ್ ತಂದು ತೋರಿಸ್ಬೇಕಂತೆ. ನಿಮ್ಮ ಕೈಲಿ ಆಗುತ್ತೇನ್ರೀ?"

"ಅದೇನು ಮಹಾ ಸಾರ್," ಎಂದೆ. ಈ ಮೂರು ಪದಗಳನ್ನು ನಾನು ಬಾಳಿನಲ್ಲಿ ಹಲವು ಸಲ ಆಡಿದ್ದೇನೆ. ಮದುವೆಗೆ ಒಪ್ಪುವಾಗಲೂ ಇದನ್ನೇ ಅಂದಿದ್ದೆ.

ಮೆಟ್ಟಿಲ ಕೆಳಗೆ ತಲೆ ತಗ್ಗಿಸಿ ಕೂತು ಸರ್ವರ್ ತೆರೆದೆ. ಹನ್ನೊಂದು ಯಂತ್ರಗಳ ಪಟ್ಟಿ, ಅದರ ಕೆಳಗೆ ಟಿಕ್ ಹಾಕಲು ನಾಲ್ಕು ಚೌಕ. ಹಳೆಯ ಪ್ಲಗ್‌ಇನ್ ತೆಗೆಯಬೇಕೇ? ಹೊಸದು ಹಾಕಬೇಕೇ? ಮುಗಿದ ಮೇಲೆ ಯಂತ್ರವನ್ನು ಆಫ್ ಮಾಡಿ ಆನ್ ಮಾಡಬೇಕೇ? ಬಳಕೆದಾರರು ಮುಂದೂಡದಂತೆ ತಡೆಯಬೇಕೇ? ಅರ್ಧಂಬರ್ಧ ಕೆಲಸ ನನ್ನ ಜಾಯಮಾನದಲ್ಲಿಲ್ಲ. ನಾಲ್ಕಕ್ಕೂ ಟಿಕ್ ಹಾಕಿದೆ. ಆಫ್ ಆಗಿ ಆನ್ ಆಗುವ ಸಮಯ ಕೇಳಿತು, ಎಲ್ಲರಿಗೂ ಕೆಲಸ ಮುಗಿಸಿಕೊಳ್ಳಲು ಪುರುಸೊತ್ತು ಸಿಗಲಿ ಎಂದು ಮಧ್ಯಾಹ್ನ ನಾಲ್ಕು ಗಂಟೆ ಎಂದು ಕೊಟ್ಟೆ. ಗುಂಡಿ ಒತ್ತಿದೆ. 'ಆದೇಶ ಎಲ್ಲ ಯಂತ್ರಗಳಿಗೂ ತಲುಪಿದೆ' ಎಂದು ಪರದೆ ಹೇಳಿತು. ಸಾಹೇಬರು ಹೊರಡಿಸಿದ ಯಾವ ಆದೇಶವೂ ಅಷ್ಟು ಬೇಗ ತಲುಪಿದ್ದನ್ನು ನಾನು ಕಂಡಿರಲಿಲ್ಲ.

ಹಜಾರದ ನಡುವೆ ನಿಂತು ಸಾರಿದೆ: "ಸರಿಯಾಗಿ ನಾಲ್ಕು ಗಂಟೆಗೆ ಎಲ್ಲಾ ಕಂಪ್ಯೂಟರೂ ತಾವಾಗೇ ಆಫ್ ಆಗಿ ಆನ್ ಆಗುತ್ವೆ. ಅಷ್ಟರೊಳಗೆ ಎಲ್ಲರೂ ಅವರವರ ಕೆಲಸ ಸೇವ್ ಮಾಡ್ಕೊಳ್ಳಿ."

ಟೈಪಿಸ್ಟು, ಕ್ಯಾಷಿಯರು, ದೂರು ವಿಭಾಗದವರು ಎಲ್ಲ ತಲೆಯಾಡಿಸಿದರು. ಹತ್ತು ಜನ ಸೇವ್ ಮಾಡಿದರು. ಹನ್ನೊಂದನೆಯವರು ಮೂಲೆಯ ಕೋಣೆಯಲ್ಲಿದ್ದರು. ಅವರು ನಕ್ಷೆಗಾರರು, ಅದಕ್ಕಿಂತ ಮುಖ್ಯವಾಗಿ ನನ್ನ ಷಡ್ಡಕರು, ನನ್ನ ಹೆಂಡತಿಯ ಅಕ್ಕನ ಗಂಡ. ಕಚೇರಿಯಲ್ಲೂ ಮನೆಯಲ್ಲೂ ನಾನು ಅವರನ್ನು ಭಾವ ಎಂದೇ ಕರೆಯುತ್ತೇನೆ.

ಭಾವನ ಬಗ್ಗೆ ಒಂದು ಮಾತು ಹೇಳಬೇಕು. ಊರಿನ ನೆಲದಡಿಯ ಕೊಳವೆಗಳ ನಕ್ಷೆ ಹಿಂದೆ ಅರವತ್ತೊಂದು ಹಾಳೆಗಳಲ್ಲಿತ್ತು. ಗೆದ್ದಲು ಅವುಗಳಲ್ಲಿ ಅರ್ಧವನ್ನು ತಿಂದಿತ್ತು. ಉಳಿದ ಚೂರುಪಾರುಗಳನ್ನು ಜೋಡಿಸಿ, ಬೀದಿ ಬೀದಿ ಅಳೆದು, ಭಾವ ಎಂಟು ತಿಂಗಳಿಂದ ಇಡೀ ಊರನ್ನು ಕಂಪ್ಯೂಟರಿನಲ್ಲಿ ಬರೆಯುತ್ತಿದ್ದರು. ಬರೆದದ್ದಾದ ಮೇಲೆ ಆ ಚೂರುಗಳೂ ಪುಡಿಯಾಗಿ ಹೋಗಿದ್ದವು. ಹೋದ ವರ್ಷ ದೊಡ್ಡ ಕೊಳವೆಯೊಂದು ಒಡೆದಾಗ ವಾಲ್ವು ಎಲ್ಲಿದೆಯೆಂದು ತಿಳಿಯದೆ ಆಸ್ಪತ್ರೆಗೆ ಎರಡು ದಿನ ನೀರಿರಲಿಲ್ಲ. ಮತ್ತೆ ಹಾಗಾಗಬಾರದೆಂದರೆ ಊರಿಗೆಲ್ಲ ಇದ್ದದ್ದು ಅದೊಂದೇ ನಕ್ಷೆ.

ಕೋಣೆಯ ಬಾಗಿಲಲ್ಲಿ ಇಣುಕಿ, "ಭಾವ, ನಾಲ್ಕು ಗಂಟೆಯೊಳಗೆ ಸೇವ್ ಮಾಡ್ಬಿಡಿ," ಎಂದೆ.

"ಆಗಲ್ಲ," ಎಂದರು ಪರದೆಯಿಂದ ಕಣ್ಣು ಕೀಳದೆ.

"ಸರಿ, ಕೊನೇ ಸಲ ಯಾವಾಗ ಸೇವ್ ಮಾಡಿದ್ರಿ?"

"ಮಾಡಿಲ್ಲ."

"ಇವತ್ತು ಮಾಡಿಲ್ವಾ?"

"ಯಾವತ್ತೂ ಮಾಡಿಲ್ಲ."

ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಭಾವ ಕುರ್ಚಿ ತಿರುಗಿಸಿ, ಶಾಲೆಯ ಮಕ್ಕಳಿಗೆ ಹೇಳುವಂತೆ ಹೇಳತೊಡಗಿದರು.

"ನೋಡಪ್ಪಾ, ಮೂವತ್ತು ವರ್ಷ ಮಸಿಯಲ್ಲಿ ನಕ್ಷೆ ಬರೆದೋನು ನಾನು. ಮೊದಲು ಪೆನ್ಸಿಲ್ಲು. ಪ್ರತಿ ಗೆರೆ, ಪ್ರತಿ ವಾಲ್ವು ಖಾತ್ರಿ ಆದ ಮೇಲೆ ಮಸಿ. ಮಸಿ ಬಿತ್ತು ಅಂದ್ರೆ ಮುಗೀತು, ಬ್ರಹ್ಮ ಬಂದ್ರೂ ತಿದ್ದೋಕಾಗಲ್ಲ. ಸೇವ್ ಅಂದ್ರೆ ಮಸಿ. ಇನ್ನೂ ಇಪ್ಪತ್ತೇಳನೇ ವಾಲ್ವು ಎಲ್ಲಿದೆ ಅಂತ ಗೊತ್ತಾಗಿಲ್ಲ. ಗೊತ್ತಾಗದೆ ಮಸಿ ಹಾಕೋ ಜಾತಿ ನಂದಲ್ಲ."

"ಸೇವ್ ಮಾಡಿದ ಮೇಲೂ ತಿದ್ದಬಹುದು ಭಾವ!"

"ಹಾಗಂತ ಎಲ್ಲರೂ ಹೇಳ್ತಾರೆ."

ಎಂಟು ತಿಂಗಳಿಂದ ಆ ಯಂತ್ರ ಆಫ್ ಆಗಿರಲಿಲ್ಲ. ಕರೆಂಟು ಹೋದರೂ ನಿಲ್ಲದಂತೆ ಅದಕ್ಕೆ ಎರಡು ಬ್ಯಾಟರಿ ಇತ್ತು, ಸ್ವಿಚ್ಚಿನ ಮೇಲೆ 'ಮುಟ್ಟಿದರೆ ಹುಷಾರ್' ಎಂಬ ಚೀಟಿ ಇತ್ತು. ತಾನಾಗಿಯೇ ಸೇವ್ ಆಗುವ ಸೌಲಭ್ಯವನ್ನು ಅವರು ಮೊದಲ ದಿನವೇ ಬಂದ್ ಮಾಡಿಸಿದ್ದರು. ಬಂದ್ ಮಾಡಿಕೊಟ್ಟ ಪಂಡಿತ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಪಾಪ, ಹಳೆಯ ಪ್ಲಗ್‌ಇನ್ ಎಂಟು ತಿಂಗಳು ದಿನವೂ ಎದ್ದು, ಆ ಯಂತ್ರವನ್ನೆಲ್ಲ ತಡಕಾಡಿ, ಬರಿಗೈಯಲ್ಲಿ ಮಲಗುತ್ತಿತ್ತು.

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ನಾನು ಮೆಟ್ಟಿಲ ಕೆಳಗೆ ಓಡಿ, ಸಹಾಯವಾಣಿಗೆ ಫೋನು ಹಚ್ಚಿದೆ. ಒಬ್ಬ ಹೆಣ್ಣುಮಗಳು ಜೇನಿನಂಥ ದನಿಯಲ್ಲಿ ಮಾತಾಡಿದಳು.

"ನಾಲ್ಕು ಗಂಟೆಯದ್ದು ರದ್ದು ಮಾಡೋಕೆ ಬರಲ್ಲ ಸರ್. ನಾಲ್ಕನೇ ಚೌಕಕ್ಕೆ ನೀವೇ ಟಿಕ್ ಹಾಕಿದ್ದೀರ."

"ಎಲ್ಲಾ ಚೌಕಕ್ಕೂ ಹಾಕಿದ್ದೀನಿ ಮೇಡಂ, ನಾನು ಅರ್ಧಂಬರ್ಧ ಕೆಲಸ ಮಾಡೋನಲ್ಲ."

"ಕಾಣಿಸ್ತಿದೆ ಸರ್."

"ಆ ಒಂದು ಯಂತ್ರದ ತಂತಿ ಕಿತ್ತುಬಿಟ್ರೆ?"

"ಆದೇಶ ಆಗಲೇ ಒಳಗೆ ಹೋಗಿ ಕೂತಿದೆ ಸರ್. ತಂತಿ ಕಿತ್ತರೂ ನಾಲ್ಕು ಗಂಟೆಗೆ ಎದ್ದೇ ಏಳುತ್ತೆ."

ಹಾಕಿದ್ದನ್ನು ತೆಗೆದುಬಿಟ್ಟರೆ ಆದೇಶವೂ ಅದರ ಜೊತೆ ಹೋಗಬೇಕಲ್ಲ ಎಂದು ನನಗೆ ಹೊಳೆಯಿತು. ಆಕೆ "ಸರ್, ಒಂದ್ನಿಮಿಷ" ಎನ್ನುವಷ್ಟರಲ್ಲಿ ಭಾವನ ಯಂತ್ರದಿಂದ ಹೊಸ ಪ್ಲಗ್‌ಇನ್ ತೆಗೆಯುವ ಗುಂಡಿ ಒತ್ತಿಯಾಗಿತ್ತು. ತೆಗೆಯುವುದು ಪೂರ್ತಿಯಾಗಬೇಕಾದರೂ ಯಂತ್ರ ಒಮ್ಮೆ ಆಫ್ ಆಗಿ ಆನ್ ಆಗಬೇಕು ಎಂದು ಪರದೆ ತಿಳಿಸಿತು. ಗಾಬರಿಯಲ್ಲಿ ಅದನ್ನು ಸರಿಪಡಿಸಲು ಮತ್ತೆ ಹಾಕುವ ಗುಂಡಿ ಒತ್ತಿದೆ.

ಫೋನಿನ ಆ ಕಡೆ ಕೀಲಿಮಣೆ ಕುಟ್ಟುವ ಸದ್ದು ಕೇಳಿತು. ಆಮೇಲೆ ಆಕೆ ಹೇಳಿದಳು: "ಸರ್, ಈಗ ಆ ಕಂಪ್ಯೂಟರು ನಾಲ್ಕು ಗಂಟೆಗೆ ಮೂರು ಸಲ ಆಫ್ ಆಗಿ ಆನ್ ಆಗುತ್ತೆ. ದಯವಿಟ್ಟು ಇನ್ನೇನೂ ಒತ್ತಬೇಡಿ. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಸುದ್ದಿ ಸಾಹೇಬರಿಗೆ ತಲುಪಿತು. ಅವರು ಮೂಲೆಯ ಕೋಣೆಗೆ ಬಿರುಗಾಳಿಯಂತೆ ನುಗ್ಗಿ, "ಸೇವ್ ಮಾಡ್ರೀ, ಇದು ನನ್ನ ಆರ್ಡರು!" ಎಂದು ಗುಡುಗಿದರು.

ಭಾವ ನಿಧಾನವಾಗಿ ಒಂದು ಬಿಳಿ ಹಾಳೆ ತೆಗೆದು ಅವರ ಮುಂದಿಟ್ಟರು. "ಧಾರಾಳವಾಗಿ ಮಾಡ್ತೀನಿ ಸಾರ್. ಇಪ್ಪತ್ತೇಳನೇ ವಾಲ್ವು ಇಂಥಾ ಕಡೆ ಇದೆ ಅಂತ ತಾವು ಇದರಲ್ಲಿ ಬರೆದು ಒಂದು ಸಹಿ ಹಾಕ್ಕೊಡಿ. ಈ ಕ್ಷಣ ಸೇವ್ ಮಾಡ್ತೀನಿ."

ಸಹಿ ಎಂಬ ಪದ ಕಿವಿಗೆ ಬಿದ್ದೊಡನೆ ಸಾಹೇಬರ ದನಿ ಅರ್ಧಕ್ಕಿಳಿಯಿತು. ಅವರು ಹಾಳೆ ನೋಡಿದರು, ಪೆನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ದೊಡ್ಡವರ ಕಣ್ಣು ಕೊನೆಗೆ ಬಂದು ನಿಲ್ಲುವುದು ನನ್ನಂಥವರ ಮೇಲೆಯೇ.

"ನೀವಿಬ್ಬರೂ ಹೋಗಿ ಆ ವಾಲ್ವು ಹುಡುಕಿ! ನನ್ನ ಜೀಪು ತಗೊಳ್ಳಿ! ನೀರುಗಂಟಿ ಎಲ್ಲಿದ್ರೂ ಎಳ್ಕೊಂಡು ಹೋಗಿ! ಆ ನಕ್ಷೆ ಹೋಯ್ತೋ, ನಾಳೆ ತಪಾಸಣೆಯವರ ಮುಂದೆ ನಿಮ್ಮನ್ನೇ ನಿಲ್ಲಿಸ್ತೀನಿ!"

ತಾವಿಲ್ಲದಾಗ ಯಾರಾದರೂ ಬಂದು ಸೇವ್ ಒತ್ತಿಬಿಟ್ಟಾರು ಎಂದು ಭಾವ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಒಳಜೇಬಿಗೆ ಸೇರಿಸಿದರು.

ನೀರುಗಂಟಿ ಎಂದರೆ ಬೀದಿ ಬೀದಿ ಸುತ್ತಿ ವಾಲ್ವು ತಿರುಗಿಸಿ ನೀರು ಬಿಡುವವನು. ಅವನನ್ನು ಹುಡುಕಿ ಹಿಡಿಯುವಷ್ಟರಲ್ಲಿ ಎರಡು ಗಂಟೆ ದಾಟಿತ್ತು. ಜೀಪಿನಲ್ಲಿ ಅವನು ತನ್ನ ಕಬ್ಬಿಣದ ಸಲಾಕೆಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತ.

"ನಾನು ಕೆಲಸಕ್ಕೆ ಸೇರಿ ಆರು ವರ್ಷ ಆಯ್ತು. ಇಪ್ಪತ್ತಾರು ಗೊತ್ತು, ಇಪ್ಪತ್ತೆಂಟು ಗೊತ್ತು. ಇಪ್ಪತ್ತೇಳರ ಮುಖಾನೇ ನೋಡಿಲ್ಲ. ನನಗಿಂತ ಮುಂಚೆ ಇದ್ದೋನು, ಅದು ಒಂದಿನ ಮಾಯ ಆಗೋಯ್ತು ಅಂತಿದ್ದ."

ಭಾವ ದಾರಿ ಹೇಳುತ್ತಾ ಹೋದರು. ಟ್ಯಾಂಕಿನ ರಸ್ತೆ, ಎಡಕ್ಕೆ, ಮತ್ತೆ ಎಡಕ್ಕೆ. ಮೂರನೆಯ ತಿರುವಿನಲ್ಲಿ ನನಗೆ ಅನುಮಾನ ಬಂತು.

"ಭಾವ, ಇದು ಅತ್ತೆ ಮನೆ ಬೀದಿ ಅಲ್ವಾ?"

"ಹೌದು. ಅದಕ್ಕೇನೀಗ?"

"ಅತ್ತೇನ ಒಂದ್ಮಾತು ಕೇಳಬಹುದಿತ್ತು."

"ಆಫೀಸಿನ ವಿಷಯ ನಾನು ಮನೆಯವರ ಹತ್ರ ಮಾತಾಡಲ್ಲ," ಎಂದರು ಭಾವ. ಎಂಟು ತಿಂಗಳಲ್ಲಿ ಅವರು ಆ ಬೀದಿಗೆ ಅಳತೆಗೆಂದು ಹದಿನಾಲ್ಕು ಸಲ ಬಂದಿದ್ದರಂತೆ. ಹದಿನಾಲ್ಕು ಸಲವೂ ಅತ್ತೆ ಮನೆಯಲ್ಲಿ ಕಾಫಿ ಕುಡಿದು ಹೋಗಿದ್ದರಂತೆ.

ಜೀಪು ನಿಂತಿತೋ ಇಲ್ಲವೋ, ಬೀದಿ ಬಾಗಿಲುಗಳೆಲ್ಲ ತೆರೆದುಕೊಂಡವು. ನೀರುಗಂಟಿ ನೆಲವನ್ನು ಸಲಾಕೆಯಿಂದ ಕುಟ್ಟುತ್ತಾ ನಡೆದ, ಭಾವ ಟೇಪು ಹಿಡಿದು ಅವನ ಹಿಂದೆ, ಗಡಿಯಾರ ನೋಡುತ್ತಾ ನಾನು ಅವರ ಹಿಂದೆ. ದಿನವಿಡೀ ನೀರು ಬಿಡುತ್ತಾರಂತೆ ಎಂದು ಒಬ್ಬಾಕೆ ಕೊಡ ತಂದಿಟ್ಟಳು. ಇಲ್ಲ, ನಾಳೆಯಿಂದ ನೀರೇ ಇಲ್ಲವಂತೆ ಎಂದು ಇನ್ನೊಬ್ಬಾಕೆ ಎರಡು ತಂದಿಟ್ಟಳು. ಎದುರು ಮನೆಯ ನಿವೃತ್ತ ಹೆಡ್ಮಾಸ್ತರರಂತೂ, "ವಾಲ್ವು ನಮ್ಮ ಕಾಂಪೌಂಡಿನಲ್ಲೇ ಇರೋದು, ನನಗೆ ಖಚಿತ," ಎಂದು ತಮ್ಮ ಹೂವಿನ ಪಾತಿಯನ್ನು ನಮ್ಮಿಂದ ಮೊಣಕಾಲುದ್ದ ಅಗೆಸಿದರು. ಅಲ್ಲಿ ಸಿಕ್ಕಿದ್ದು ಒಂದು ಹಳೆಯ ಚಪ್ಪಲಿ. "ಇದನ್ನೇ ಹುಡುಕ್ತಿದ್ದೆ," ಎಂದು ಅದನ್ನು ತೆಗೆದುಕೊಂಡು ಒಳಗೆ ಹೋದರು.

ಮೂರು ಗಂಟೆ ಹತ್ತು ನಿಮಿಷ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಅತ್ತೆ ಮನೆಯ ಮುಂದೆ, ಬೀದಿಯ ಅಂಚಿನಲ್ಲಿ, ಬಟ್ಟೆ ಒಗೆಯುವ ಒಂದು ಭಾರಿ ಕಲ್ಲಿದೆ. ಅತ್ತೆ ಆ ಕಲ್ಲಿನ ಪಕ್ಕ ನಿಂತು ಬೆಡ್‌ಷೀಟು ಹಿಂಡುತ್ತಿದ್ದರು.

"ಇದೇನು, ಇಬ್ಬರು ಅಳಿಯಂದ್ರೂ ಒಟ್ಟಿಗೆ! ಅದೂ ಜೀಪಲ್ಲಿ! ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಅತ್ತೆ. ನಾಲ್ಕು ಗಂಟೆಗೆ ಆಗುತ್ತೆ," ಎಂದೆ.

"ಒಳಗೆ ಬನ್ನಿ, ಕಾಫಿ ಕುಡ್ಕೊಂಡು ಹೋಗಿ."

"ಟೈಮಿಲ್ಲ ಅತ್ತೆ, ವಾಲ್ವು ಹುಡುಕ್ತಾ ಇದ್ದೀವಿ."

ಅತ್ತೆ ಬೆಡ್‌ಷೀಟನ್ನು ಹಿಂಡುವುದು ನಿಲ್ಲಿಸಿದರು. ಆಮೇಲೆ ಇನ್ನೂ ಜೋರಾಗಿ ಹಿಂಡತೊಡಗಿದರು. ಅಷ್ಟರಲ್ಲಿ ನೀರುಗಂಟಿಯ ಸಲಾಕೆ ಕಲ್ಲಿನ ಬುಡಕ್ಕೆ ತಾಗಿ 'ಟಣ್' ಎಂದಿತು. ಮಣ್ಣಿಗೆ ತಾಗಿದರೆ ಟಣ್ ಎನ್ನುವುದಿಲ್ಲ. ಮತ್ತೊಮ್ಮೆ ಕುಟ್ಟಿದ. ಮತ್ತೆ ಟಣ್.

ಎಲ್ಲರೂ ಅತ್ತೆಯ ಮುಖ ನೋಡಿದರು.

"ಹೂಂ, ಇದರ ಕೆಳಗೇ ಇದೆ," ಎಂದರು ಅತ್ತೆ, ಅಂಗಡಿಗೆ ದಾರಿ ತೋರಿಸುವಷ್ಟೇ ಸಲೀಸಾಗಿ. "ಇಪ್ಪತ್ತು ವರ್ಷದಿಂದ ಇದೆ. ಆಗಿದ್ನಲ್ಲ ನೀರುಗಂಟಿ, ನಾನು ಬಟ್ಟೆ ನೆನೆಹಾಕೋದನ್ನೇ ಕಾಯ್ತಿದ್ದ ಅನ್ಸುತ್ತೆ, ಬಂದು ತಿರುಗಿಸಿ ನೀರು ನಿಲ್ಲಿಸಿ ಹೋಗ್ಬಿಡ್ತಿದ್ದ. ಅವನು ರಜಾ ಹಾಕಿದ ದಿನ ನೋಡ್ಕೊಂಡು ಮೇಲೊಂದು ಕಲ್ಲು ಇಡಿಸಿಬಿಟ್ಟೆ. ಆವತ್ತಿಂದ ನೀರು ನಿಂತಿಲ್ಲ."

"ಅತ್ತೆ! ಎಂಟು ತಿಂಗಳಿಂದ ಹುಡುಕ್ತಿದ್ದೀನಿ! ಒಂದ್ಮಾತು ಹೇಳಬಾರದಿತ್ತಾ?" ಎಂದು ಕೂಗಿದರು ಭಾವ.

"ಯಾರು ಕೇಳಿದ್ರು? ಟೇಪು ತಗೊಂಡು ಬರ್ತಿದ್ರಿ, ಈ ಕಲ್ಲಿನ ಮೇಲೆ ಕೂತು ಬರ್ಕೊಳ್ತಿದ್ರಿ, ಕಾಫಿ ಕುಡಿದು ಹೋಗ್ತಿದ್ರಿ. ಅಷ್ಟಕ್ಕೂ ಈ ಕಲ್ಲು ಎತ್ತಿಡೋಕೆ ಅವತ್ತು ಕೈಕೊಟ್ಟೋರು ಯಾರು, ಮರೆತೇಬಿಟ್ರಾ ದೊಡ್ಡ ಅಳಿಯಂದ್ರೇ?"

ಭಾವ ಬಗ್ಗಿ ಕಲ್ಲನ್ನೇ ನೋಡತೊಡಗಿದರು. ಹೊಸದಾಗಿ ಮದುವೆಯಾದ ಅಳಿಯ, ಅತ್ತೆಯ ಮುಂದೆ ತೋಳ್ಬಲ ತೋರಿಸಲು ಕಲ್ಲು ಎತ್ತುವ ಆತುರದಲ್ಲಿ, ಕೆಳಗೇನಿದೆಯೆಂದು ನೋಡುತ್ತಾನೆಯೇ? ನನಗೆ ಒಳಗೊಳಗೇ ಆನಂದವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಅತ್ತೆ ಮನೆಯಲ್ಲಿ ಜಾಣ ಅಳಿಯ ಎಂದರೆ ಈವರೆಗೂ ಅವರೇ ಆಗಿದ್ದರು.

ವಾಲ್ವು ಸಿಕ್ಕಿತಲ್ಲ, ಓಡೋಣ ಎಂದರೆ ಭಾವ ಒಪ್ಪಲಿಲ್ಲ. ಜೀಪಿನ ಡ್ರೈವರೂ ಸೇರಿ ನಾವು ನಾಲ್ವರು ಕಲ್ಲು ಸರಿಸಿದೆವು. ಅವರು ಕಣ್ಣಾರೆ ನೋಡಿ, ಕಾಂಪೌಂಡಿನ ಮೂಲೆಯಿಂದ ಟೇಪು ಹಿಡಿದು ಎರಡು ಸಲ ಅಳೆದರು. ಎರಡು ಮೀಟರ್ ನಲವತ್ತು. ಜೀಪು ಹೊರಟಾಗ ಮೂರು ಮೂವತ್ತೆಂಟು. ದಾರಿಯಲ್ಲಿ ಶಾಲೆ ಬಿಟ್ಟಿತ್ತು. ಸಾಲಾಗಿ ರಸ್ತೆ ದಾಟುತ್ತಿದ್ದ ಮಕ್ಕಳು ಜೀಪು ಕಂಡು ಕೈಬೀಸಿದರು. ಭಾವ ಕೂಡ ಸಾವಧಾನವಾಗಿ ಎಲ್ಲರಿಗೂ ಕೈಬೀಸಿದರು.

ನಾವು ಕಚೇರಿಯ ಮೆಟ್ಟಿಲು ಹತ್ತಿದಾಗ ಮೂರು ಐವತ್ತಮೂರು. ಸಾಹೇಬರು ಮೂಲೆಯ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು, ಸಿಬ್ಬಂದಿಯೆಲ್ಲ ಹೆರಿಗೆ ಕೋಣೆಯ ಹೊರಗೆ ಕಾಯುವವರಂತೆ ಸುತ್ತ ನೆರೆದಿದ್ದರು. ಭಾವ ಬೀಗ ತೆಗೆದು, ಕೂತು, ಕನ್ನಡಕ ಒರೆಸಿಕೊಂಡರು. ಇಪ್ಪತ್ತೇಳನೆಯ ವಾಲ್ವನ್ನು ಅದರ ಜಾಗದಲ್ಲಿ ಇಟ್ಟರು. ಗೆರೆ ಕೊಂಚ ದಪ್ಪವಾಯಿತೆಂದು ಅಳಿಸಿ ತೆಳುವಾಗಿ ಬರೆದರು. ಮೂರು ಐವತ್ತೆಂಟು.

"ಈಗ ಮಸಿ ಹಾಕಬಹುದು," ಎಂದು ಸೇವ್ ಒತ್ತಿದರು.

'ಕಡತದ ಹೆಸರೇನು?' ಎಂದು ಯಂತ್ರ ಕೇಳಿತು.

ಭಾವ ಕುರ್ಚಿಗೆ ಒರಗಿದರು. "ಹೆಸರು... ಹೆಸರಿನ ಬಗ್ಗೆ ನಾನು ಯೋಚನೆ ಮಾಡಿರಲಿಲ್ಲ."

"ನಕ್ಷೆ ಅಂತ ಹಾಕಿ!" ಎಂದರು ಸಾಹೇಬರು.

"ಯಾವ ನಕ್ಷೆ ಸಾರ್? ನಾಳೆ ಇನ್ನೊಂದು ನಕ್ಷೆ ಬಂದ್ರೆ?"

"ಊರು ಅಂತ ಹಾಕಿ!" ಎಂದಳು ಟೈಪಿಸ್ಟು.

"ಊರು ಅಂದ್ರೆ ಬರೀ ಕೊಳವೇನಾ? ಯೋಚ್ನೆ ಮಾಡಿ ಮಾತಾಡಮ್ಮಾ."

ಪರದೆಯ ಮೂಲೆಯಲ್ಲಿ ಹದಿನೈದು, ಹದಿನಾಲ್ಕು, ಹದಿಮೂರು ಎಂದು ಅಂಕಿ ಇಳಿಯತೊಡಗಿತು. ಎಂಟು ತಿಂಗಳ ದುಡಿಮೆ, ಆಸ್ಪತ್ರೆಯ ನಲ್ಲಿ, ಇಪ್ಪತ್ತೇಳನೆಯ ವಾಲ್ವು ಎಲ್ಲವೂ ಒಂದು ಹೆಸರಿಗಾಗಿ ಕಾದು ನಿಂತಿದ್ದವು. ನಾನು ಭಾವನ ಭುಜದ ಮೇಲಿಂದ ಬಾಗಿ, ತಲೆಗೆ ಬಂದ ಮೊದಲ ಹೆಸರನ್ನು ಕುಟ್ಟಿ ಗುಂಡಿ ಒತ್ತಿದೆ. ಪರದೆ ಕಪ್ಪಾಯಿತು.

ಒಮ್ಮೆ ಆಫ್, ಒಮ್ಮೆ ಆನ್. ಎರಡನೆಯ ಸಲ. ಮೂರನೆಯ ಸಲ. ಅಷ್ಟು ಹೊತ್ತೂ ಭಾವ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡಿದ್ದರು. ಹದಿನೈದು ವರ್ಷದ ನೆಂಟಸ್ತಿಕೆಯಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಕೊನೆಗೆ ಪರದೆ ಬೆಳಗಿತು. ಅದರ ಮೇಲೆ ಒಂದೇ ಒಂದು ಕಡತ. ಅದರ ಹೆಸರು 'ಅತ್ತೆ'. ಒತ್ತಿದರೆ ಇಡೀ ಊರು ತೆರೆದುಕೊಂಡಿತು, ಇಪ್ಪತ್ತೇಳೂ ಇತ್ತು. ಸಾಹೇಬರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತು ನೀರು ಕೇಳಿದರು.

ಭಾವ ನಕ್ಷೆಯನ್ನು ತುಸು ಹೊತ್ತು ನೋಡಿ, ಒಂದು ಗೆರೆ ಎಳೆದು, ಅಳಿಸಿ, ಮತ್ತೆ ಸೇವ್ ಒತ್ತಿದರು. ಏನೂ ತೊಂದರೆಯಾಗಲಿಲ್ಲ. "ಅರೇ, ತಿದ್ದಬಹುದು ಕಣಪ್ಪಾ! ಇದನ್ನ ಮೊದಲೇ ಯಾಕೆ ಹೇಳಲಿಲ್ಲ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಆಮೇಲೆ ಅವರಿಗೆ ಸೇವ್ ಮಾಡುವ ಚಟ ಹತ್ತಿತು. ಐದು ನಿಮಿಷಕ್ಕೊಮ್ಮೆ ಮಾಡುತ್ತಿದ್ದರು, ಪ್ರತಿ ಸಲವೂ ಬೇರೆ ಕಡತ. ಸಂಜೆಯೊಳಗೆ ಸರ್ವರಿನಲ್ಲಿ ಹದಿನೆಂಟು ಅತ್ತೆಯರಿದ್ದರು.

ಮರುದಿನ ತಪಾಸಣೆಯವರು ಬಂದು, ಪಟ್ಟಿಯನ್ನು ಗಂಭೀರವಾಗಿ ನೋಡಿ, ಮೊದಲನೆಯ ಅತ್ತೆಯನ್ನೇ ಅಳಿಸಿದರು. ಹನ್ನೆರಡು ಸೆಕೆಂಡಿನಲ್ಲಿ ನಾನು ವಾಪಸು ತಂದೆ. 'ತೃಪ್ತಿಕರ' ಎಂದು ಬರೆದು ಹೋದರು. ಸಾಹೇಬರು ನನ್ನ ಬೆನ್ನು ತಟ್ಟಿದರು. ಅದೇನು ಮಹಾ ಸಾರ್ ಎಂದೆ.

ಆದರೆ ವಾಲ್ವು ನಕ್ಷೆಗೆ ಏರಿತ್ತಲ್ಲ. ನೀರುಗಂಟಿ ಈಗ ದಿನವೂ ಹನ್ನೊಂದು ಗಂಟೆಗೆ ಹೋಗಿ ಅದನ್ನು ಶಾಸ್ತ್ರೋಕ್ತವಾಗಿ ತಿರುಗಿಸಿ ನೀರು ನಿಲ್ಲಿಸತೊಡಗಿದ. ನಾಲ್ಕನೆಯ ದಿನ ಅತ್ತೆ ನಮ್ಮಿಬ್ಬರನ್ನೂ ಮನೆಗೆ ಕರೆಸಿದರು. ನೆನೆಹಾಕಿದ ಬಟ್ಟೆಯ ಎರಡು ಬಕೆಟ್ಟುಗಳು ನೀರಿಲ್ಲದೆ ಹಜಾರದಲ್ಲೇ ಕೂತಿದ್ದವು.

"ಚಿಕ್ಕ ಅಳಿಯಂದ್ರೇ, ನೀವು ಕಂಪ್ಯೂಟರಲ್ಲಿ ಹಾಕೋದು ತೆಗೆಯೋದು ಎಲ್ಲಾ ಬಲ್ಲಿರಂತೆ. ಆ ನಕ್ಷೆಯಿಂದ ನನ್ನ ವಾಲ್ವು ಒಂದನ್ನ ತೆಗೆದುಬಿಡಿ."

ನಾನು ಎದೆಯುಬ್ಬಿಸಿ ಪಾಠ ಶುರುಮಾಡಿದೆ. "ತೆಗೆದ್ರೂ ಪ್ರಯೋಜನ ಇಲ್ಲ ಅತ್ತೆ. ಭಾವನ ಯಂತ್ರದಲ್ಲಿ ಒಂದಿದೆ, ಸರ್ವರಲ್ಲಿ ಒಂದಿದೆ, ಕೇಂದ್ರ ಕಚೇರೀಲಿ ಒಂದಿದೆ. ಒಂದು ಕಡೆ ಅಳಿಸಿದ್ರೆ ಇನ್ನೊಂದು ಕಡೆಯಿಂದ ಬಂದು ಕೂತ್ಕೊಳ್ಳುತ್ತೆ. ಬ್ಯಾಕಪ್ ಅಂದ್ರೇನೇ ಅದು."

"ಹೌದು ಅತ್ತೆ, ಏನು ಮಾಡಿದ್ರೂ ಹೋಗಲ್ಲ," ಎಂದು ಭಾವನೂ ದನಿಗೂಡಿಸಿದರು.

ಅತ್ತೆ ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದರು.

"ಅಂದ್ರೆ, ಒಂದ್ಸಲ ಮನೆಯೊಳಗೆ ಬಿಟ್ಕೊಂಡ್ರೆ ಮುಗೀತು. ಕಳಿಸಿದ್ರೂ ಹೋಗಲ್ಲ, ಹೋದ್ರೂ ವಾಪಸ್ ಬರುತ್ತೆ. ಅಳಿಯಂದ್ರ ಹಾಗೇ ಅನ್ನಿ."

ನಾವು ತಲೆಯಾಡಿಸಿದೆವು. ಅತ್ತೆ ಒಂದು ಬಕೆಟ್ಟು ಭಾವನ ಕೈಗೆ, ಒಂದು ನನ್ನ ಕೈಗೆ ಕೊಟ್ಟು, ಟ್ಯಾಂಕಿನ ರಸ್ತೆಯ ನಲ್ಲಿಯಲ್ಲಿ ಹನ್ನೆರಡರವರೆಗೂ ನೀರು ಬರುತ್ತದೆ ಎಂದು ತಿಳಿಸಿದರು.